ಕೂತವನಿಗೆ 1.55, ದುಡಿದವಳಿಗೆ 1.2: ದಾವಣಗೆರೆಯ ಒಂದು ಪಥ್ಯಾಹಾರ ಕೇಂದ್ರದಲ್ಲಿ ಎರಡು ತಿಂಗಳು

ಕಳೆದ ಕಾರ್ತಿಕದಲ್ಲಿ ನಾನೂ ನನ್ನ ಮನೆಯವರೂ ದಾವಣಗೆರೆಯ ಒಂದು ಪಥ್ಯಾಹಾರ ಸಲಹಾ ಕೇಂದ್ರಕ್ಕೆ ಸೇರಿ, ಎರಡು ತಿಂಗಳ ಸೇವೆಗೆ ಇಬ್ಬರದೂ ಸೇರಿಸಿ 4,200 ರೂಪಾಯಿ ಕಟ್ಟಿದೆವು. ನನಗೆ ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ಐದಾರು ಕಿಲೊ ಇಳಿಸಿ ಎಂದು ವೈದ್ಯರು ಹೇಳಿದ್ದರು. ಮನೆಯವರಿಗೆ ಮಂಡಿ ನೋವು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಲಿರುವ ದೋಷ ಅದೊಂದರದ್ದೇ ಅಲ್ಲವೆಂದೂ, ಇದೇ ಬಗೆಯ ಯಂತ್ರ ಮತ್ತು ಇದೇ ಬಗೆಯ ಫಾರಂ ಇಟ್ಟುಕೊಂಡವರೆಲ್ಲರ ಬಳಿಯೂ ಅದು ಎದುರಾಗಬಹುದೆಂದೂ ನನ್ನ ಅಂದಾಜು. ಮೂವತ್ತು ವರ್ಷದಿಂದ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಖಾತೆ ಕಿರ್ದಿ ಬರೆಯುತ್ತಿರುವವನು ನಾನು. ಒಂದು ಅಂಕಿ ಎಲ್ಲಿಂದ ಬಂತು ಎಂದು ಕೇಳದೆ ಅದನ್ನು ಜಮಾ ಮಾಡಿಕೊಳ್ಳುವ ಅಭ್ಯಾಸ ನನಗಿಲ್ಲ. ಈ ವಿಮರ್ಶೆ ಉದ್ದವಾಗಿರುವುದು ಆ ಕಾರಣಕ್ಕೆ.

ಸ್ಥಳದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿ ನೋವಿನವರಿಗೆ ಇದು ತೊಂದರೆ. ಒಳಗೆ ಸ್ವಚ್ಛವಾಗಿದೆ, ಹೆಂಗಸರ ತೂಕ ನೋಡಲು ಪರದೆ ಹಾಕಿದ ಪ್ರತ್ಯೇಕ ಜಾಗವಿದೆ, ಹೇಳಿದ ಸಮಯಕ್ಕೆ ಕರೆಯುತ್ತಾರೆ. ಸಲಹೆ ನೀಡುವವರು ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ. ಆಹಾರ ವಿಜ್ಞಾನ ಓದಿದವರು, ಮಾತು ಮೃದು.

ಮೊದಲು ಯಂತ್ರದ ವಿಷಯ. ಬರಿಗಾಲಲ್ಲಿ ಲೋಹದ ಫಲಕದ ಮೇಲೆ ನಿಂತು, ಎರಡೂ ಕೈಗಳಲ್ಲಿ ಹಿಡಿಕೆ ಹಿಡಿದುಕೊಂಡರೆ ಒಂದು ನಿಮಿಷದೊಳಗೆ ಚೀಟಿ ಬರುತ್ತದೆ. ತೂಕದಲ್ಲಿ ಮೋಸವಿಲ್ಲ. ಅಲ್ಲಿ 78.0 ತೋರಿದ ನಾನು ಅರ್ಧ ಗಂಟೆಯೊಳಗೆ ನಮ್ಮ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲೆ ನಿಂತಾಗ 78.1 ಇದ್ದೆ. ಆದರೆ ಕೊಬ್ಬಿನ ಪ್ರಮಾಣವನ್ನು ಈ ಯಂತ್ರ ತೂಗುವುದಿಲ್ಲ. ನಮಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ತನ್ನು ಮೈಯೊಳಗೆ ಹರಿಸಿ, ಅದಕ್ಕೆ ಎಷ್ಟು ತಡೆ ಒದಗಿತು ಎಂಬುದನ್ನು ನೋಡಿ ಲೆಕ್ಕ ಹಾಕುತ್ತದೆ. ನೀರು ಹೆಚ್ಚಿರುವ ಸ್ನಾಯು ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ಕೊಬ್ಬು ಬಿಡುವುದಿಲ್ಲ. ಮೆಕ್ಕೆಜೋಳದ ಸೀಸನ್ನಿನಲ್ಲಿ ನಮ್ಮ ಅಂಗಳಕ್ಕೆ ಬರುವ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಹಿಡಿ ಕಾಳು ಹಾಕಿ ಗುಂಡಿ ಒತ್ತಿದರೆ ತೇವಾಂಶ ಹೇಳುವ ಯಂತ್ರವೂ ಕಾಳಿನ ವಿದ್ಯುತ್ ಗುಣವನ್ನೇ ನೋಡಿ ಹೇಳುವುದು, ಮತ್ತು ಅದೇ ರಾಶಿಯ ಕಾಳು ಬೆಳಿಗ್ಗೆ ಮಂಜಿನಲ್ಲೊಂದು, ಮಧ್ಯಾಹ್ನ ಬಿಸಿಲಿನಲ್ಲೊಂದು ಅಂಕಿ ಕೊಡುವುದರಿಂದ ಎಷ್ಟು ಜಗಳಗಳಾಗುತ್ತವೆ ಎಂಬುದು ಅವರಿಗೂ ನಮಗೂ ಗೊತ್ತು.

ನನ್ನ ಮೈಯೂ ಹಾಗೆಯೇ ಮಾಡಿತು. ಮೊದಲ ದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಹೋದಾಗ ಕೊಬ್ಬು ನೂರಕ್ಕೆ 31.0 ಇತ್ತು. ಹತ್ತು ದಿನ ಬಿಟ್ಟು ಸಂಜೆ, ಊಟ, ಚಹಾ, ನೀರು ಎಲ್ಲ ಆದ ಮೇಲೆ ಹೋದಾಗ ತೂಕ 78.4, ಕೊಬ್ಬು 29.4. ತೂಕ ಏರಿ ಕೊಬ್ಬು ಇಳಿದ ಈ ಪವಾಡಕ್ಕೆ ಕೇಂದ್ರದ ಸ್ವಾಗತಕಾರರು ಅಭಿನಂದನೆಯನ್ನೂ ಹೇಳಿದರು. ಹೋಗುವವರು ಪ್ರತಿ ಸಲವೂ ಒಂದೇ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ, ಮೂತ್ರ ವಿಸರ್ಜಿಸಿ, ನಡಿಗೆ ಮುಗಿಸಿ ಬೆವರಿ ಬಾರದೆ ನಿಲ್ಲಬೇಕು. ಇಷ್ಟನ್ನು ಗೋಡೆಯ ಮೇಲೆ ಬರೆದು ಹಾಕಬೇಕಾದವರು ಹಾಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೀಟಿಯ ಕೆಳಭಾಗದಲ್ಲಿ ಬಿಎಂಆರ್ ಎಂಬ ಸಾಲಿದೆ. ಮೂಲ ಚಯಾಪಚಯ ದರ ಎಂದು ಪಠ್ಯಗಳು ಹೇಳುವುದು ಇದನ್ನೇ: ಏನೂ ಮಾಡದೆ ಎಚ್ಚರವಾಗಿ ಮಲಗಿದ್ದರೂ ದಿನವೊಂದಕ್ಕೆ ದೇಹ ಖರ್ಚು ಮಾಡುವ ಶಕ್ತಿ. ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡ ಇವು ನಾಲ್ಕೂ ಸೇರಿ ಮೈತೂಕದ ನೂರಕ್ಕೆ ಆರು ಪಾಲೂ ಇಲ್ಲ, ಆದರೆ ಈ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳದ್ದೇ. ನನ್ನ ಚೀಟಿಯಲ್ಲಿ 1,532 ಎಂದಿತ್ತು, ಮನೆಯವರದರಲ್ಲಿ 1,199. (ಜನ ಕ್ಯಾಲೊರಿ ಎನ್ನುವುದು ವಾಸ್ತವದಲ್ಲಿ ಕಿಲೊಕ್ಯಾಲೊರಿ, ನಾನೂ ರೂಢಿಯಂತೆ ಕ್ಯಾಲೊರಿ ಎಂದೇ ಬರೆಯುತ್ತೇನೆ.) "ಇದು ಯಂತ್ರ ಅಳೆದ ನಿಮ್ಮ ಬಿಎಂಆರ್ ಸರ್" ಎಂದು ಸ್ವಾಗತಕಾರರು ಹೇಳಿದ್ದರು.

ಅಳೆದದ್ದಲ್ಲ. ಆ ರಾತ್ರಿ ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತೆ. ಕೊಬ್ಬು ಕಳೆದ ತೂಕ ನನ್ನದು 53.8 ಕಿಲೊ, ಮನೆಯವರದು 38.4, ವ್ಯತ್ಯಾಸ 15.4. ಬಿಎಂಆರ್‌ಗಳ ವ್ಯತ್ಯಾಸ 333. ಭಾಗಿಸಿದರೆ ಕಿಲೊಗೆ 21.6. ನನ್ನ 53.8ನ್ನು 21.6ರಿಂದ ಗುಣಿಸಿ 1,532ರಿಂದ ಕಳೆದರೆ ಉಳಿದದ್ದು 370. ಅವರದರಲ್ಲಿಯೂ ಉಳಿದದ್ದು 370. ಕೊಬ್ಬು ಕಳೆದ ತೂಕವನ್ನು 21.6ರಿಂದ ಗುಣಿಸಿ 370 ಕೂಡಿಸುವುದು ಕ್ಯಾಚ್ ಮತ್ತು ಮ್ಯಾಕ್‌ಆರ್ಡಲ್ ಹೆಸರಿನಲ್ಲಿ ಪ್ರಚಲಿತವಿರುವ ಸೂತ್ರ. ಅಂದರೆ ಯಂತ್ರ ಮೊದಲು ವಿದ್ಯುತ್ ತಡೆಯಿಂದ ಕೊಬ್ಬನ್ನು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಇನ್ನೊಂದು ಅಂದಾಜನ್ನು ಕಟ್ಟಿ, ಅದಕ್ಕೆ ನಾಲ್ಕಂಕಿಯ ಗಾಂಭೀರ್ಯ ಕೊಟ್ಟು ಮುದ್ರಿಸಿತ್ತು. ಸಂಜೆಯ ಚೀಟಿಯಲ್ಲಿ ಬಿಎಂಆರ್ 1,567 ಆದದ್ದೂ ಇದರಿಂದಲೇ. ನನ್ನ ಯಕೃತ್ತಾಗಲಿ ಮಿದುಳಾಗಲಿ ಹತ್ತು ದಿನದಲ್ಲಿ ಹೆಚ್ಚು ಶ್ರಮಪಟ್ಟದ್ದಕ್ಕೆ ಸಾಕ್ಷಿಯಿಲ್ಲ.

ನಿಜವಾಗಿ ಅಳೆಯುವುದು ಬೇರೆಯೇ ಕೆಲಸ. ರಾತ್ರಿಯಿಂದ ಹತ್ತು ಹನ್ನೆರಡು ತಾಸು ಉಪವಾಸವಿದ್ದು, ಚಳಿಯೂ ಸೆಕೆಯೂ ಇಲ್ಲದ ಕೋಣೆಯಲ್ಲಿ ಅಲುಗಾಡದೆ, ನಿದ್ದೆಯನ್ನೂ ಮಾಡದೆ ಮಲಗಬೇಕು. ತಲೆಯ ಮೇಲೆ ಪಾರದರ್ಶಕ ಮುಸುಕು ಹಾಕಿ, ಉಸಿರಿನಲ್ಲಿ ಎಷ್ಟು ಆಮ್ಲಜನಕ ಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಬಂತು ಎಂದು ನೋಡುತ್ತಾರೆ. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು ಐದು ಕ್ಯಾಲೊರಿಗೆ ಸ್ವಲ್ಪ ಕಡಿಮೆ ಶಕ್ತಿ ಖರ್ಚಾಗಿರುತ್ತದೆ. ಅದನ್ನು ಲೆಕ್ಕಕ್ಕಿಳಿಸುವ ವಿಯರ್ ಅವರ ಸೂತ್ರ 1949ರದ್ದು. ಇದು ಸಂಶೋಧನಾ ಸಂಸ್ಥೆಗಳಲ್ಲಿಯೂ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ಮಾಡುವ ಪರೀಕ್ಷೆ. ಬಡಾವಣೆಯ ಕೇಂದ್ರದಲ್ಲಿ ಇದನ್ನು ನಿರೀಕ್ಷಿಸುವುದು ತಪ್ಪು. "ಅಳೆದದ್ದು" ಎನ್ನದೆ "ಅಂದಾಜು" ಎಂದರೆ ಸಾಕಿತ್ತು.

ಅಂದಾಜಿಗೆ ಸೂತ್ರಗಳ ಬರಗಾಲವಂತೂ ಇಲ್ಲ. ಎಲ್ಲಕ್ಕಿಂತ ಹಳೆಯ ಖ್ಯಾತಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅವರ ಸೂತ್ರಕ್ಕಿದೆ. ಅಮೆರಿಕದ ಕಾರ್ನೆಗಿ ಸಂಸ್ಥೆ 1919ರಲ್ಲಿ ಪ್ರಕಟಿಸಿದ ಅವರ ಅಧ್ಯಯನದಲ್ಲಿದ್ದವರು 136 ಗಂಡಸರು, 103 ಹೆಂಗಸರು. ಅದರ ಪ್ರಕಾರ 54 ವರ್ಷ, 168 ಸೆಂಟಿಮೀಟರ್, 78 ಕಿಲೊದ ನನ್ನ ವಿಶ್ರಾಂತಿ ಖರ್ಚು 1,615. 1990ರಲ್ಲಿ 498 ಜನರ ಮಾಹಿತಿಯಿಂದ ಮಾಡಿದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ನೆನಪಿಡಲು ಸುಲಭ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಗಂಡಸಾದರೆ 5 ಸೇರಿಸುವುದು, ಹೆಂಗಸಾದರೆ 161 ಕಳೆಯುವುದು. ಅದರಲ್ಲಿ ನನ್ನದು 1,565. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ 2010ರ ಶಿಫಾರಸುಗಳಲ್ಲಿ, ಭಾರತೀಯರ ದರ ಅಂತರರಾಷ್ಟ್ರೀಯ ಸೂತ್ರ ಹೇಳುವುದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆಯೆಂದು ತೆಗೆದುಕೊಂಡು, ಮೂವತ್ತರಿಂದ ಅರವತ್ತರ ಗಂಡಸರಿಗೆ ತೂಕವನ್ನು 10.9ರಿಂದ ಗುಣಿಸಿ 833 ಕೂಡಿಸಲು ಹೇಳಿದೆ. ಆಗ ನನ್ನದು 1,683. ಮನೆಯವರದು (49 ವರ್ಷ, 154 ಸೆಂಟಿಮೀಟರ್, 62 ಕಿಲೊ) ಇದೇ ಕ್ರಮದಲ್ಲಿ 1,304, 1,177, 1,303. ನನ್ನಂತೆ ಹೊಟ್ಟೆ ಬಂದವರಿಗೆ ತೂಕವೊಂದನ್ನೇ ನೋಡುವ ಸೂತ್ರ ಹೆಚ್ಚು ತೋರಿಸುವುದು ಸಹಜ, ಏಕೆಂದರೆ ಕೊಬ್ಬಿನ ಕಿಲೊ ಸ್ನಾಯುವಿನ ಕಿಲೊದಷ್ಟು ಖರ್ಚು ಮಾಡುವುದಿಲ್ಲ. ಯಂತ್ರದ 1,532 ಈ ಸಾಲಿನಲ್ಲಿ ಕೆಳಗಿನ ತುದಿಗಿದ್ದರೂ ಅಸಂಬದ್ಧವಲ್ಲ. ನಾಲ್ಕು ತಕ್ಕಡಿಗಳ ನಡುವೆ 151 ಕ್ಯಾಲೊರಿ ಅಂತರ. ಇಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಂಡು ಮುಂದೆ ಹೋಗಬಹುದು. ಹಾಗಾಗಿ ವಿಶ್ರಾಂತಿಯ ಅಂಕಿಯ ಮಟ್ಟಿಗೆ ಕೇಂದ್ರದ ಮೇಲೆ ನನಗೆ ದೊಡ್ಡ ದೂರಿಲ್ಲ.

ದೂರಿರುವುದು ಅದರ ಮುಂದಿನ ಸಾಲಿನ ಬಗ್ಗೆ. ವಿಶ್ರಾಂತಿಯ ಖರ್ಚನ್ನು ದಿನದ ಒಟ್ಟು ಖರ್ಚಾಗಿಸಲು ಚಟುವಟಿಕೆಯ ಗುಣಕವೊಂದರಿಂದ ಗುಣಿಸುತ್ತಾರೆ. ಕೇಂದ್ರದ ಇಂಗ್ಲಿಷ್ ಫಾರಂನಲ್ಲಿ ಇದಕ್ಕೆ ಐದು ಚೌಕಗಳಿವೆ: ಏನೂ ವ್ಯಾಯಾಮವಿಲ್ಲದವರಿಗೆ 1.2, ಸ್ವಲ್ಪ ವ್ಯಾಯಾಮ ಮಾಡುವವರಿಗೆ 1.375, ಮಧ್ಯಮಕ್ಕೆ 1.55, ಹೆಚ್ಚಿಗೆ 1.725, ಕಠಿಣಕ್ಕೆ 1.9. ಗಮನಿಸಬೇಕಾದದ್ದು, ಐದೂ ಚೌಕಗಳು ಕೇಳುವುದು ವ್ಯಾಯಾಮವನ್ನು, ಕೆಲಸವನ್ನಲ್ಲ. ನಾನು ಕುಂದವಾಡ ಕೆರೆಯ ಏರಿಯ ಮೇಲೆ ದಿನಾ ನಲವತ್ತು ನಿಮಿಷ ನಡೆಯುತ್ತೇನೆ ಎಂದೆ, 1.55ಕ್ಕೆ ಗುರುತು ಬಿತ್ತು. ಮನೆಯವರ ಸರದಿ ಬಂದಾಗ ಪ್ರಶ್ನೆ ಇಷ್ಟೇ: "ಆಂಟಿ, ವಾಕಿಂಗ್, ಜಿಮ್, ಯೋಗ ಏನಾದರೂ?" ಇಲ್ಲ ಎಂದರು. "ಮನೇಲೇ ಇರ್ತೀರಲ್ವಾ?" ಹೌದು ಎಂದರು. 1.2ಕ್ಕೆ ಗುರುತು ಬಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ.

ಗುಣಿಸಿದಾಗ ನನ್ನ ದಿನದ ಅಗತ್ಯ 2,375 ಆಯಿತು, ಅವರದು 1,439. ತೂಕ ಇಳಿಸಲು ಇಬ್ಬರಿಗೂ 500 ಕಳೆದರು. ನನಗೆ 1,875ರ ಪಟ್ಟಿ ಬಂತು, ಅವರಿಗೆ 940ರದ್ದು. ಅಂದರೆ ಹಾಸಿಗೆ ಬಿಟ್ಟೇಳದಿದ್ದರೂ ಬೇಕೆಂದು ಅದೇ ಚೀಟಿ ಹೇಳಿದ 1,199ಕ್ಕಿಂತ 259 ಕಡಿಮೆ. ಒಂದೇ ಹಾಳೆಯ ಮೇಲಿನ ಎರಡು ಅಂಕಿಗಳು ಹೀಗೆ ಒಂದನ್ನೊಂದು ನೋಡಿ ನಗುತ್ತಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು; ನಾನು ಆ ದಿನಗಳಲ್ಲಿ 21.6ರ ಗುಟ್ಟು ಬಿಡಿಸಿದ ಖುಷಿಯಲ್ಲಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ರೊಟ್ಟಿ ಬಡಿಯುತ್ತಿದ್ದರು. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ತಟ್ಟುವ ಸದ್ದು ನಡುವೆ ನಿಂತಿತು. ಹೋಗಿ ನೋಡಿದರೆ ಒಂದು ಕೈ ಕಟ್ಟೆಯ ಮೇಲಿದೆ, ಹಿಟ್ಟಿನ ಕೈ ಗಾಳಿಯಲ್ಲಿದೆ, ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದೆ. ಕಣ್ಣು ಕತ್ತಲೆ ಬಂದಿತ್ತು. ವೈದ್ಯರು ರಕ್ತದೊತ್ತಡ, ಸಕ್ಕರೆ, ರಕ್ತದ ಪರೀಕ್ಷೆಗಳನ್ನು ನೋಡಿ ಬೇರೆ ಕಾರಣವೇನೂ ಕಾಣುತ್ತಿಲ್ಲವೆಂದೂ, ಮೊದಲು ಹೊಟ್ಟೆ ತುಂಬ ಉಣ್ಣಬೇಕೆಂದೂ ಹೇಳಿ ಕಳುಹಿಸಿದರು.

ಆಗ ಕಿರ್ದಿ ಪುಸ್ತಕ ತೆಗೆದೆ. ಗುಣಕವನ್ನು ಒಂದು ಗುರುತಿನಿಂದ ತೀರ್ಮಾನಿಸದೆ, ದಿನದ ಇಪ್ಪತ್ನಾಲ್ಕು ತಾಸುಗಳನ್ನೂ ಬಿಡಿಸಿ ಬರೆದು ಕೂಡಿಸುವ ಕ್ರಮವೊಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಸೇರಿ 2004ರಲ್ಲಿ ಪ್ರಕಟಿಸಿದ ಮಾನವ ಶಕ್ತಿ ಅಗತ್ಯಗಳ ವರದಿಯಲ್ಲಿ ಪ್ರತಿ ಕೆಲಸಕ್ಕೂ, ಅದು ವಿಶ್ರಾಂತಿಯ ಎಷ್ಟುಪಟ್ಟು ಖರ್ಚು ಎಂಬ ಅಂಕಿಯಿದೆ. ನಿದ್ದೆ 1.0, ಕಚೇರಿಯಲ್ಲಿ ಅಥವಾ ಅಂಗಡಿಯಲ್ಲಿ ಕೂತು ಮಾಡುವ ಕೆಲಸ 1.5; ಊಟ 1.5, ಟೀವಿ, ಹರಟೆಯಂಥವು 1.4, ವಾಹನ ಓಡಿಸುವುದು 2.0, ಅಡುಗೆ 2.1, ಸ್ನಾನ, ಬಟ್ಟೆ ಉಡುವುದು 2.3, ಮನೆಗೆಲಸ 2.8; ಹೊರೆಯಿಲ್ಲದ ನಡಿಗೆ 3.2.

ನನ್ನ ದಿನ ಮೊದಲು. ನಿದ್ದೆ ಎಂಟು ತಾಸು, ಅಂಗಡಿಯಲ್ಲಿ ಕೂರುವುದು ಹತ್ತು, ಸ್ನಾನಾದಿ ಒಂದು, ಊಟ ತಿಂಡಿ ಒಂದು, ಸ್ಕೂಟರಿನ ಮೇಲೆ ಒಂದು, ನಡಿಗೆ ನಲವತ್ತು ನಿಮಿಷ, ಮಿಕ್ಕ ಎರಡು ತಾಸು ಇಪ್ಪತ್ತು ನಿಮಿಷ ಟೀವಿ ಮತ್ತು ಮೊಬೈಲು. ಗುಣಿಸಿ ಕೂಡಿಸಿದರೆ 34.2; ಇಪ್ಪತ್ನಾಲ್ಕರಿಂದ ಭಾಗಿಸಿದರೆ 1.43ರ ಹತ್ತಿರ. ದಿನಕ್ಕೆ 2,183 ಕ್ಯಾಲೊರಿ. ಕೇಂದ್ರ ಹೇಳಿದ್ದಕ್ಕಿಂತ 192 ಕಡಿಮೆ. ಒಂದು ಕಿಲೊ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿಯೆಂಬ ರೂಢಿಯ ಲೆಕ್ಕದಲ್ಲಿ ಇದು ತಿಂಗಳಿಗೆ ಮುಕ್ಕಾಲು ಕಿಲೊ. ನಾನು ಹೆಮ್ಮೆಪಟ್ಟ ಕೆರೆ ಏರಿಯ ನಡಿಗೆಯ ಪೂರ್ತಿ ಖರ್ಚು 136 ಕ್ಯಾಲೊರಿ; ಆ ಹೊತ್ತಿನಲ್ಲಿ ಟೀವಿ ಮುಂದೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ ನಿವ್ವಳ 77. ನಡಿಗೆಯಿಂದ ಸಕ್ಕರೆಗೂ ಹೃದಯಕ್ಕೂ ಬೇರೆ ಲಾಭಗಳಿವೆ, ಅದನ್ನು ಬಿಡುವ ಮಾತಿಲ್ಲ. ಆದರೆ ಇಪ್ಪತ್ತು ಗ್ರಾಂ ಬೆಣ್ಣೆಯಲ್ಲಿ 145ರಷ್ಟು ಕ್ಯಾಲೊರಿ ಇರುತ್ತದೆ, ಮತ್ತು ನಮ್ಮೂರ ದೋಸೆಯ ಮೇಲೆ ಬೆಣ್ಣೆ ಇಡುವವರ ಕೈ ಎಷ್ಟು ಧಾರಾಳ ಎಂಬುದನ್ನು ದಾವಣಗೆರೆಯವರಿಗೆ ಹೇಳಬೇಕಿಲ್ಲ. ಭಾನುವಾರ ಕೆರೆ ಸುತ್ತಿ ಅಲ್ಲಿಂದ ನೇರವಾಗಿ ಹೋಟೆಲಿಗೆ ಹೋಗುವ ನಮ್ಮ ಗೆಳೆಯರ ಗುಂಪಿಗೆ ಈ ಲೆಕ್ಕವನ್ನು ನಾನಿನ್ನೂ ತೋರಿಸಿಲ್ಲ.

ಆಮೇಲೆ ಅವರ ದಿನ. ಇದನ್ನು ಬರೆಯಲು ನನಗೆ ಮೂರು ಸಂಜೆ ಬೇಕಾಯಿತು, ಏಕೆಂದರೆ "ಏನು ಮಾಡಿದಿರಿ" ಎಂದು ಕೇಳಿದರೆ ಅವರ ಉತ್ತರ "ಏನಿಲ್ಲ, ಮನೆ ಕೆಲಸ" ಎಂಬಷ್ಟೇ. ಬಿಡಿಸಿ ಕೇಳಿದಾಗ ಹೊರಬಂದದ್ದು ಇದು: ನಿದ್ದೆ ಏಳು ತಾಸು. ಅಡುಗೆ, ಮೂರು ಹೊತ್ತಿನದೂ ಸೇರಿ, ನಾಲ್ಕು ತಾಸು. ಕಸ, ನೆಲ ಒರೆಸುವುದು, ಪಾತ್ರೆ, ಬಟ್ಟೆ, ಮಹಡಿಗೆ ಹತ್ತಿ ಒಣಗಿಸಿ ತರುವುದು, ಹಾಸಿಗೆ ಹಿಡಿದಿರುವ ನಮ್ಮ ತಂದೆಯವರನ್ನು ಎಬ್ಬಿಸಿ ಕೂರಿಸಿ ಮೈ ಒರೆಸುವುದು, ಎಲ್ಲ ಸೇರಿ ನಾಲ್ಕು ತಾಸು. ತರಕಾರಿಗೂ ಗುಡಿಗೂ ನಡೆದು ಹೋಗಿಬರುವುದು ಒಂದು ತಾಸು. ಸ್ನಾನಾದಿ ಒಂದು, ಊಟ ಒಂದು, ಕೂತು ಮಾಡುವ ಸಣ್ಣಪುಟ್ಟ ಕೆಲಸ, ಟೀವಿ, ಮಾತು ಆರು. ಕೂಡಿಸಿದರೆ 42.0. ಇಪ್ಪತ್ನಾಲ್ಕರಿಂದ ಭಾಗಿಸಿದರೆ 1.75.

ಎರಡು ಸಲ ಕೂಡಿಸಿದೆ, ತಾಳೆಯಾಯಿತು. ಆ ವರದಿಯ ಪ್ರಕಾರ 1.40ರಿಂದ 1.69ರವರೆಗೆ ಕೂತು ಕೆಲಸ ಮಾಡುವ ಬದುಕು, 1.70ರಿಂದ 1.99ರವರೆಗೆ ಚಟುವಟಿಕೆಯ ಬದುಕು. ಅಂದರೆ ಮಧ್ಯಮ ಚಟುವಟಿಕೆಯವನೆಂದು ಗುರುತಾದ ನಾನು ಕೆಳಗಿನ ತರಗತಿಯ ಕೊನೆಯ ಬೆಂಚಿನವನು, ಏನೂ ಮಾಡದವರೆಂದು ಗುರುತಾದ ಅವರು ಮೇಲಿನ ತರಗತಿಯವರು. 1.2 ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಅದು ಹೊಂದುವುದು ಹಾಸಿಗೆ ಅಥವಾ ಕುರ್ಚಿ ಬಿಟ್ಟು ಏಳಲಾಗದವರಿಗೆ, ಅಂದರೆ ನಮ್ಮ ಮನೆಯಲ್ಲಿ ಅವರು ಎತ್ತಿ ಕೂರಿಸುವ ನಮ್ಮ ತಂದೆಯವರಿಗೆ. ಅವರ ದಿನದ ಖರ್ಚು 1,199ರ 1.75 ಪಟ್ಟು, 2,098. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಐಸಿಎಂಆರ್ ಪರವಾಗಿ ಸಿದ್ಧಪಡಿಸಿದ 2020ರ ಶಿಫಾರಸು 55 ಕಿಲೊದ ಹೆಂಗಸಿಗೆ ಕೂತು ಮಾಡುವ ಕೆಲಸವಾದರೆ 1,660, ಮಧ್ಯಮ ಕೆಲಸವಾದರೆ 2,130, ಭಾರದ ಕೆಲಸವಾದರೆ 2,720 ಎನ್ನುತ್ತದೆ. ನಮ್ಮ ಕಿರ್ದಿಯ ಅಂಕಿ ಮಧ್ಯಮದ ಪಕ್ಕದಲ್ಲೇ ಬಂದು ನಿಂತಿತು. ದಿನಕ್ಕೆ ಎರಡು ಸಾವಿರದ ಕೆಲಸ ಮಾಡುವವರಿಗೆ ಒಂಬತ್ತು ದಿನ 940 ತಿನ್ನಿಸಿದ್ದೆವು.

ಪುಸ್ತಕ ಹಿಡಿದು ಕೇಂದ್ರಕ್ಕೆ ಹೋದೆವು. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಆ ಹುಡುಗಿ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು, ಪೆನ್ಸಿಲ್ ತೆಗೆದು, ಪ್ರತಿ ಸಾಲನ್ನೂ ತಾನೇ ಇನ್ನೊಮ್ಮೆ ಗುಣಿಸಿದರು. ಕೂತು ಮಾಡುವ ಸಣ್ಣ ಕೆಲಸದ ಆರು ತಾಸಿನಲ್ಲಿ ಸೊಪ್ಪು ಬಿಡಿಸುವುದೂ ಇದೆಯೇ ಎಂದು ಕೇಳಿದರು. ಆಮೇಲೆ, "ಈ ವಿಧಾನ ನಮಗೆ ಪಾಠದಲ್ಲಿತ್ತು ಅಂಕಲ್. ಸಾಫ್ಟ್‌ವೇರ್‌ನಲ್ಲಿ ಐದು ಚೌಕ ಮಾತ್ರ ಇರೋದು" ಎಂದರು, ಮನೆಯವರ ಕಡೆ ತಿರುಗಿ, "ತಪ್ಪಾಯ್ತು ಆಂಟಿ, ನಾನು ಕೇಳಬೇಕಿತ್ತು" ಎಂದರು. ಅಲ್ಲಿಗೆ ನನ್ನ ಜಗಳದ ಸರಕು ಮುಗಿಯಿತು. ಇಬ್ಬರ ಪಟ್ಟಿಯನ್ನೂ ಹೊಸದಾಗಿ ಬರೆದುಕೊಟ್ಟರು: ಅವರಿಗೆ 1,600, ನನಗೆ 1,680. ಇಬ್ಬರ ತಟ್ಟೆಯೂ ಹೆಚ್ಚುಕಡಿಮೆ ಒಂದೇ ಅಳತೆಯದಾಯಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಹಳೆಯ ಪಟ್ಟಿಯ ಆಹಾರದ ಬಗ್ಗೆ ಎರಡು ಮಾತು. ಬೆಳಿಗ್ಗೆ ಓಟ್ಸ್, ಸಂಜೆ ಓಟ್ಸ್, ರಾತ್ರಿ ಸೂಪು. ಜೋಳ ಬೆಳೆಯುವ ಸೀಮೆಯವರಿಗೆ ಇದನ್ನು ಬರೆದುಕೊಡಲು ಕಾರಣವೇನೆಂದು ತಿಳಿಯಲಿಲ್ಲ. ಹೊಸ ಪಟ್ಟಿಗೆ ರೊಟ್ಟಿಯನ್ನು ಸೇರಿಸುವಾಗ, ನಮ್ಮ ಮನೆಯ ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿಯುತ್ತದೆಂದು ತೂಗಿ ಹೇಳಿದೆವು; ನೂರು ಗ್ರಾಂ ಜೋಳಕ್ಕೆ 334ರಷ್ಟು ಎಂಬ ಲೆಕ್ಕದಲ್ಲಿ ರೊಟ್ಟಿಯೊಂದಕ್ಕೆ 134. ಒಗ್ಗರಣೆಯ ಎಣ್ಣೆ ಗ್ರಾಂಗೆ 9 ಕ್ಯಾಲೊರಿಯಾದ್ದರಿಂದ ಅದನ್ನು ಸೌಟಿನಲ್ಲಲ್ಲ, ಚಮಚದಲ್ಲಿ ಅಳೆಯಬೇಕೆಂದು ಹುಡುಗಿ ಹೇಳಿದ್ದು ಸರಿಯಾದ ಮಾತು. ಸಂಜೆಯ ಖಾರ ಮಂಡಕ್ಕಿಗೆ ಅನುಮತಿ ಸಿಕ್ಕಿತು, ಜೊತೆಯ ಮೆಣಸಿನಕಾಯಿ ಬೋಂಡಾಕ್ಕೆ ಸಿಗಲಿಲ್ಲ.

"ವಯಸ್ಸಾಯ್ತಲ್ಲ ಸರ್, ಚಯಾಪಚಯ ನಿಧಾನವಾಗಿದೆ, ಅದಕ್ಕೆ ಈ ಪುಡಿ" ಎಂದು ಸ್ವಾಗತಕಾರರು ಪ್ರೋಟೀನ್ ಡಬ್ಬಿಯೊಂದನ್ನು ಎರಡು ಸಲ ಮುಂದಿಟ್ಟರು. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, 29 ದೇಶಗಳ ಆರು ಸಾವಿರದ ನಾಲ್ಕುನೂರಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ನಿಧಾನವಾಗುವುದು ಅರವತ್ತರ ನಂತರ. ನನ್ನ ಹೊಟ್ಟೆಗೆ ಕಾರಣ ವಯಸ್ಸಲ್ಲ, ಕುರ್ಚಿ. ಡಬ್ಬಿ ಬೇಡವೆಂದೆ, ಒತ್ತಾಯ ಮಾಡಲಿಲ್ಲ.

ಎರಡು ತಿಂಗಳ ಕೊನೆಗೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನಾನು 74.9, ಅವರು 59.8. ತಲೆ ಸುತ್ತು ಮತ್ತೆ ಬರಲಿಲ್ಲ. ತೂಕ ಇಳಿದಂತೆ ಖರ್ಚೂ ಇಳಿಯುವುದರಿಂದ ಹಳೆಯ ಅಂಕಿಯನ್ನೇ ಹಿಡಿದು ಕೂರಬಾರದು. ಇದನ್ನು ಕೇಂದ್ರದವರೇ ಹೇಳಿ ಲೆಕ್ಕವನ್ನು ಒಮ್ಮೆ ಪರಿಷ್ಕರಿಸಿದರು. ಸೂತ್ರ ಸರಿಯೋ ತಪ್ಪೋ ಎಂಬುದಕ್ಕೆ ಮನೆಯಲ್ಲೇ ಸಿಗುವ ಪುರಾವೆ ಒಂದಿದೆ: ಒಂದೇ ಅಳತೆಯಲ್ಲಿ ಎರಡು ಮೂರು ವಾರ ಉಂಡು, ವಾರದ ಸರಾಸರಿ ತೂಕ ಲೆಕ್ಕ ಹಾಕಿದಷ್ಟೇ ಇಳಿಯಿತೇ ಎಂದು ನೋಡುವುದು. ನನ್ನದು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇಳಿದಿದೆ. ಭಾನುವಾರಗಳ ಬಾಬ್ತು ಕಿರ್ದಿಗೆ ಬಿದ್ದಿಲ್ಲ.

ಹೋಗಬೇಕೆನ್ನುವವರಿಗೆ ಮೂರು ಸೂಚನೆಗಳು. ಬೆಳಿಗ್ಗೆ ಏಳೂವರೆಯ ಸಮಯವನ್ನೇ ಕೇಳಿ ಪಡೆಯಿರಿ. ಹೋಗುವ ಮೊದಲು ಒಂದು ಕೆಲಸದ ದಿನದ ಇಪ್ಪತ್ನಾಲ್ಕು ತಾಸುಗಳನ್ನೂ ಬರೆದುಕೊಂಡು ಹೋಗಿ, ಅದರಲ್ಲೂ ಮನೆಯಲ್ಲಿ ದುಡಿಯುವ ಹೆಂಗಸರು, ಗಿರಣಿಯವರು, ಹಮಾಲರು. ಮೂಟೆ ಹೊರುವವನಿಗೂ ಆ ಫಾರಂ ಜಿಮ್ಮಿಗೆ ಹೋಗುತ್ತೀಯಾ ಎಂದೇ ಕೇಳುತ್ತದೆ. ಬಾಣಂತಿಯರು, ಬಸುರಿಯರು, ಥೈರಾಯ್ಡ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಯಾವ ಪಟ್ಟಿಯನ್ನೂ ಹಿಡಿಯಬೇಡಿ. ಐದು ನಕ್ಷತ್ರಗಳಲ್ಲಿ ನಾನು ಮೂರು ಕೊಡುತ್ತೇನೆ. ಮೂರರಲ್ಲಿ ಎರಡೂವರೆ ಆ ಹುಡುಗಿಯ ಪೆನ್ಸಿಲಿಗೆ, ಅರ್ಧ ತೂಕದ ಯಂತ್ರಕ್ಕೆ. ಮನೆಯವರನ್ನು ಕೇಳಿದೆ. ಮೆಟ್ಟಿಲು ಹತ್ತಿಸಿದ್ದಕ್ಕೆ ಒಂದನ್ನು ಕಳೆಯಿರಿ ಎಂದರು.